ಹಾವು ಕಚ್ಚಿದ ಕಾಲಿನ ಊತ: ಟೇಪು ಸಾಕೇ, ಸೂಜಿ ಬೇಕೇ, ಸ್ಕ್ಯಾನಿಂಗ್ ಪ್ರೋಬ್ ತರಬೇಕೇ?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳದ ಕಡೆಯ ಸಣ್ಣ ಆಸ್ಪತ್ರೆಗಳ ಡಾಕ್ಟರುಗಳು ಈಚೆಗೆ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕ್ಯಾಶುವಾಲಿಟಿಗೆ ಒಂದು ಸ್ಕ್ಯಾನಿಂಗ್ ಪ್ರೋಬ್ (ಚರ್ಮದ ಮೇಲೆ ಇಟ್ಟು ಒಳಗಿನ ಚಿತ್ರ ನೋಡುವ ಅಲ್ಟ್ರಾಸೌಂಡ್ ಸಾಧನ) ಕೊಳ್ಳಬೇಕು ಅಂತ ಇದೆ, ಹಾವು ಕಚ್ಚಿದವರಿಗೆ ಅದು ನಿಜವಾಗಿ ಉಪಯೋಗ ಆಗುತ್ತದಾ? ಕೊಳ್ಳುವುದಾದರೆ ಯಾವುದು? ಕೊಳ್ಳದೆ ಇದ್ದರೆ ಏನಾದರೂ ತಪ್ಪಿ ಹೋಗುತ್ತದಾ?

ಪ್ರಶ್ನೆ ಸಣ್ಣದಲ್ಲ. ನಮ್ಮ ಕಡೆ ಅಡಿಕೆ ತೋಟಕ್ಕೆ ಹೋದವರು, ಗುಡ್ಡೆಯಲ್ಲಿ ಸೊಪ್ಪು ಕಡಿಯುವವರು, ಬೆಳಗ್ಗೆ ಕತ್ತಲಲ್ಲೇ ರಬ್ಬರ್ ಟ್ಯಾಪಿಂಗಿಗೆ ಹೊರಟವರು ಕಾಲು ಊದಿಸಿಕೊಂಡು ಬರುತ್ತಾರೆ. ಊತ ನೋಡಿದರೆ ಯಾರಿಗಾದರೂ ಹೆದರಿಕೆ ಆಗುತ್ತದೆ. ಚರ್ಮ ಬಿಗಿದು ಹೊಳೆಯುತ್ತಿರುತ್ತದೆ, ಮುಟ್ಟಿದರೆ ಕೂಗುತ್ತಾರೆ. ಆಗ ಡಾಕ್ಟರ ಎದುರು ನಿಲ್ಲುವ ಪ್ರಶ್ನೆ ಇದು: ಈ ಊತ ಚರ್ಮದ ಕೆಳಗೆ ಮಾತ್ರ ಇದೆಯೋ, ಸ್ನಾಯುವಿನ ಒಳಗೂ ಹೋಗಿದೆಯೋ? ಕಾಲನ್ನು ಕೊಯ್ದು ಒತ್ತಡ ಬಿಡಿಸಬೇಕೋ, ಆ್ಯಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಔಷಧ) ಕೊಟ್ಟು ಕಾಯಬೇಕೋ?

ಇದಕ್ಕೆ ಉತ್ತರ ಹುಡುಕಲು ಇರುವ ದಾರಿಗಳು ನಾಲ್ಕು. ಟೇಪು ಮತ್ತು ಪೆನ್ನು. ಸ್ನಾಯುವಿನೊಳಗೆ ಸೂಜಿ ಹಾಕಿ ಒತ್ತಡ ಅಳೆಯುವುದು. ರೋಗಿಯನ್ನು ಸ್ಕ್ಯಾನಿಂಗ್ ರೂಮಿಗೆ ಕಳಿಸುವುದು. ಮತ್ತೆ ಹಾಸಿಗೆಯ ಪಕ್ಕದಲ್ಲೇ ಡ್ಯೂಟಿ ಡಾಕ್ಟರು ಸ್ಕ್ಯಾನ್ ಮಾಡುವುದು. ಎಂ.ಆರ್.ಐ. ಕೂಡ ಇದೆ, ಅದು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಆದರೆ ಬಿ.ಪಿ. ಇಳಿಯುತ್ತಿರುವ ರೋಗಿಯನ್ನು ಮೊದಲ ಗಂಟೆಗಳಲ್ಲಿ ಆ ಯಂತ್ರದೊಳಗೆ ಮಲಗಿಸಲು ಆಗುವುದಿಲ್ಲ. ಹಾಗಾಗಿ ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಏನು ನೋಡಿ ಆರಿಸಬೇಕು

ಮೊದಲನೆಯದು, ಆ ವಿಧಾನ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎನ್ನುವುದು. ಊತ ಎಷ್ಟು ಬೇಗ ಏರುತ್ತಿದೆ ಎನ್ನುವುದು ಒಂದು ಪ್ರಶ್ನೆ. ಊತ ಎಲ್ಲಿದೆ ಎನ್ನುವುದು ಇನ್ನೊಂದು. ಸ್ನಾಯುವಿನ ಒಳಗೆ ಒತ್ತಡ ಎಷ್ಟಿದೆ ಎನ್ನುವುದು ಮೂರನೆಯದು. ಈ ಮೂರಕ್ಕೂ ಒಂದೇ ಸಾಧನ ಉತ್ತರ ಕೊಡುವುದಿಲ್ಲ. ಜಾಸ್ತಿ ಗೊಂದಲ ಆಗುವುದು ಇಲ್ಲಿಯೇ.

ಎರಡನೆಯದು, ರಕ್ತ ಹೆಪ್ಪುಗಟ್ಟದ ರೋಗಿಯಲ್ಲಿ ಅದು ಸುರಕ್ಷಿತವೇ? ಮಂಡಲದ ಜಾತಿಯ ಹಾವು ಕಚ್ಚಿದವರಲ್ಲಿ ರಕ್ತ ನೀರಿನಂತೆ ಹರಿಯುತ್ತಿರಬಹುದು. ಅಂಥವರಿಗೆ ಒಂದು ಸೂಜಿಯ ತೂತು ಕೂಡ ತೊಂದರೆ ಕೊಡುತ್ತದೆ.

ಮೂರನೆಯದು, ರಾತ್ರಿ ಎರಡು ಗಂಟೆಗೆ ಅದನ್ನು ಮಾಡುವವರು ಯಾರು? ತಜ್ಞರು ಇದ್ದರೆ ಮಾತ್ರ ನಡೆಯುವ ಪರೀಕ್ಷೆ ತಾಲೂಕು ಆಸ್ಪತ್ರೆಗೆ ಅರ್ಧ ದಿನ ಮಾತ್ರ ಸಿಕ್ಕ ಹಾಗೆ.

ನಾಲ್ಕನೆಯದು ಮತ್ತೆ ಮತ್ತೆ ಮಾಡಬಹುದೇ ಎನ್ನುವುದು. ಹಾವಿನ ವಿಷದ ಊತ ಒಂದೇ ಕಡೆ ನಿಲ್ಲುವುದಿಲ್ಲ, ಗಂಟೆ ಗಂಟೆಗೆ ಬದಲಾಗುತ್ತದೆ. ಒಂದು ಸಲದ ಅಳತೆಗೆ ಬೆಲೆ ಕಡಿಮೆ. ಕೊನೆಗೆ ಹಣ, ರಿಪೇರಿ ಮತ್ತು ಕಾನೂನು. ಸ್ಕ್ಯಾನಿಂಗ್ ಮೆಷಿನ್ ವಿಷಯದಲ್ಲಿ ಕಾನೂನು ದೊಡ್ಡ ವಿಷಯ, ಅದಕ್ಕೆ ಮುಂದೆ ಬರುತ್ತೇನೆ.

ಯಾವುದನ್ನು ಆರಿಸಿದರೂ ಮೊದಲು ಮಾಡಬೇಕಾದ್ದು

ಆ್ಯಂಟಿವೆನಮ್ ಕೊಡಬೇಕೋ ಬೇಡವೋ ಎಂದು ಸ್ಕ್ಯಾನ್ ಹೇಳುವುದಿಲ್ಲ. ಅದನ್ನು ಹೇಳುವುದು ರೋಗಿಯ ಲಕ್ಷಣ ಮತ್ತು 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ಹೊಸದಾದ, ಒಣಗಿದ, ಸೋಪು ಮುಟ್ಟದ ಗಾಜಿನ ಟೆಸ್ಟ್ ಟ್ಯೂಬಿಗೆ 2 ಮಿ.ಲೀ. ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡುವುದು. ಹರಿದರೆ ಹೆಪ್ಪುಗಟ್ಟಿಲ್ಲ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಮಾಡಿದರೆ ತಪ್ಪು ಉತ್ತರ ಬರುತ್ತದೆ. ತೊಳೆದು ಮತ್ತೆ ಬಳಸಿದ ಟ್ಯೂಬೂ ಹಾಗೆಯೇ. ಸ್ಕ್ಯಾನಿಂಗ್ ಪ್ರೋಬ್ ಬಗ್ಗೆ ಯೋಚಿಸುವ ಮೊದಲು ನಿಮ್ಮ ಕ್ಯಾಶುವಾಲಿಟಿಯಲ್ಲಿ ಗಾಜಿನ ಟ್ಯೂಬ್ ಇದೆಯೇ ಎಂದು ಒಮ್ಮೆ ನೋಡಿ. ದಯವಿಟ್ಟು ನೋಡಿ.

ವಿಷ ಏರಿದ ಲಕ್ಷಣ ಇದ್ದರೆ ಆ್ಯಂಟಿವೆನಮ್ ತಡ ಮಾಡಬಾರದು. ಶುರುವಿಗೆ 10 ವಯಲ್ (ಔಷಧದ ಸಣ್ಣ ಬಾಟಲಿ), ಮಕ್ಕಳಿಗೂ ದೊಡ್ಡವರಿಗೂ ಒಂದೇ ಪ್ರಮಾಣ. ಸ್ಕ್ಯಾನ್ ಮಾಡಬೇಕು ಎಂದು ಡ್ರಿಪ್ ಹಾಕುವುದನ್ನು ಐದು ನಿಮಿಷ ಕೂಡ ನಿಲ್ಲಿಸಬೇಡಿ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಎಂದು ಅಂದಾಜು. ವರ್ಷಕ್ಕೆ ಸುಮಾರು 58,000. ಸ್ಕ್ಯಾನಿಂಗ್ ಇಲ್ಲ ಎನ್ನುವುದು ಇಷ್ಟು ಸಾವಿಗೆ ಕಾರಣ ಅಲ್ಲ. ಆಸ್ಪತ್ರೆಗೆ ತಲುಪಿದ್ದು ತಡ, ಔಷಧ ಸಿಕ್ಕಿದ್ದು ತಡ, ಉಸಿರಾಟಕ್ಕೆ ಸಹಾಯ ಸಿಕ್ಕಿದ್ದು ತಡ. ಹಣ ಖರ್ಚು ಮಾಡುವಾಗ ಇದು ನೆನಪಿರಲಿ.

ಟೇಪು ಮತ್ತು ಪೆನ್ನು

ಖರ್ಚು ಇಲ್ಲವೇ ಇಲ್ಲ. ಊತ ಎಲ್ಲಿವರೆಗೆ ಬಂದಿದೆಯೋ ಅಲ್ಲಿ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯುವುದು. ಕಾಲಿನ ಸುತ್ತಳತೆಯನ್ನು ಎರಡು ಮೂರು ಗೊತ್ತಾದ ಜಾಗದಲ್ಲಿ ಅಳೆಯುವುದು, ಇನ್ನೊಂದು ಕಾಲಿನಲ್ಲಿ ಅದೇ ಜಾಗದಲ್ಲಿ ಅಳೆದು ಹೋಲಿಸುವುದು. ಸಿಸ್ಟರುಗಳು ಯಾವ ಡಾಕ್ಟರನ್ನೂ ಕಾಯದೆ ಮಾಡಬಹುದು. ರಕ್ತ ಹೆಪ್ಪುಗಟ್ಟದಿದ್ದರೂ ಅಪಾಯ ಇಲ್ಲ.

ಊತ ಎಷ್ಟು ಬೇಗ ಏರುತ್ತಿದೆ ಎನ್ನುವುದಕ್ಕೆ ಇದರಷ್ಟು ಒಳ್ಳೆಯ ಸಾಧನ ಇಲ್ಲ. ಕಚ್ಚಿದ ಕೈ ಕಾಲಿನ ಅರ್ಧಕ್ಕಿಂತ ಜಾಸ್ತಿ ಭಾಗಕ್ಕೆ ಊತ ಹಬ್ಬಿದರೆ, ಅಥವಾ ಕೆಲವೇ ಗಂಟೆಗಳಲ್ಲಿ ಮಣಿಕಟ್ಟು, ಹಿಮ್ಮಡಿಯ ಗಂಟು ದಾಟಿ ಮೇಲೆ ಹೋದರೆ ಅದೇ ಆ್ಯಂಟಿವೆನಮ್ ಕೊಡಲು ಒಂದು ಕಾರಣ. ಅದನ್ನು ತಿಳಿಯಲು ಗೆರೆ ಬೇಕು, ಯಂತ್ರ ಬೇಡ. ಒಂದು ಎಚ್ಚರಿಕೆ: ಮನೆಯಿಂದಲೇ ಹಗ್ಗ ಬಿಗಿದು ತಂದಿದ್ದರೆ ಊತದಲ್ಲಿ ಹಗ್ಗದ ಪಾಲೂ ಇರುತ್ತದೆ. ಹಾಗೆ ಬಂದ ಊತವನ್ನು ಆ ಲೆಕ್ಕಕ್ಕೆ ಹಿಡಿಯಬಾರದು. ಹಗ್ಗವನ್ನೂ ಸುಮ್ನೆ ಬಿಚ್ಚಬೇಡಿ. ಡ್ರಿಪ್ ಹಾಕಿ, ಔಷಧ, ಉಸಿರಾಟದ ಸಾಮಾನು ಎಲ್ಲ ತಯಾರಿಟ್ಟು ಬಿಚ್ಚಿ.

ಟೇಪಿಗೆ ತಿಳಿಯದ್ದು ಊತ ಯಾವ ಪದರದಲ್ಲಿದೆ, ಒಳಗೆ ಒತ್ತಡ ಎಷ್ಟಿದೆ ಎನ್ನುವುದು. ಸುತ್ತಳತೆ 4 ಸೆಂ.ಮೀ. ಏರಿದರೆ ಅದು ಚರ್ಮದ ಕೆಳಗಿನ ನೀರೋ ಸ್ನಾಯುವಿನ ಊತವೋ ಅಂತ ಟೇಪು ಹೇಳುವುದಿಲ್ಲ.

ಸೂಜಿಯಿಂದ ಒತ್ತಡ ಅಳೆಯುವುದು

ಕಾಲಿನ ಸ್ನಾಯುಗಳು ಗಟ್ಟಿ ಪೊರೆಯ ಕೋಣೆಗಳ ಒಳಗೆ ಇರುತ್ತವೆ. ಆ ಪೊರೆ ಹಿಗ್ಗುವುದು ಬಹಳ ಕಡಿಮೆ. ಒಳಗೆ ಊತ ಬಂದರೆ ಒತ್ತಡ ಏರಿ, ಸಣ್ಣ ರಕ್ತನಾಳಗಳು ಮುಚ್ಚಿ, ಸ್ನಾಯು ಸಾಯುತ್ತದೆ. ಇದೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಇದಕ್ಕೆ ಮಾಡುವ ಆಪರೇಷನ್ ಫ್ಯಾಶಿಯಾಟಮಿ, ಅಂದರೆ ಪೊರೆಯನ್ನು ಉದ್ದಕ್ಕೆ ಕೊಯ್ದು ಬಿಡುವುದು.

ತೊಂದರೆ ಏನೆಂದರೆ, ಹಾವು ಕಚ್ಚಿದ ಕಾಲು ನೋಡಲು ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಹಾಗೆಯೇ ಇರುತ್ತದೆ. ನೋವು, ಬಿಗಿತ, ಜೋಮು, ಬೆರಳು ಅಲುಗಾಡಿಸಲು ಕಷ್ಟ, ಎಲ್ಲವೂ ಇರುತ್ತದೆ. ಆದರೆ ಜಾಸ್ತಿ ಜನರಲ್ಲಿ ಊತ ಇರುವುದು ಚರ್ಮದ ಕೆಳಗಿನ ಪದರದಲ್ಲಿ. ನಿಜವಾದ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅಪರೂಪ. ಹೆದರಿ ಕೊಯ್ದರೆ ಹೆಪ್ಪುಗಟ್ಟದ ರಕ್ತ ನಿಲ್ಲುವುದಿಲ್ಲ, ಗಾಯಕ್ಕೆ ಸೋಂಕು ಹಿಡಿಯುತ್ತದೆ, ಚರ್ಮ ಕಸಿ ಮಾಡಬೇಕಾಗುತ್ತದೆ, ಕೂಲಿ ಮಾಡಿ ಬದುಕುವವನು ತಿಂಗಳುಗಟ್ಟಲೆ ಮನೆಯಲ್ಲಿ ಕೂರುತ್ತಾನೆ. ಅಮೆರಿಕದ ಬುಡುಬುಡಿಕೆ ಹಾವಿನ (ರ್ಯಾಟಲ್‌ಸ್ನೇಕ್) ಜಾತಿಯ ವಿಷವನ್ನು ಹಂದಿಗಳಿಗೆ ಕೊಟ್ಟು ಮಾಡಿದ 2004ರ ಒಂದು ಪ್ರಯೋಗದಲ್ಲಿ, ಫ್ಯಾಶಿಯಾಟಮಿ ಮಾಡಿದ ಕಾಲಿನಲ್ಲಿ ಸ್ನಾಯು ಸತ್ತದ್ದು ಕಡಿಮೆಯಾಗುವ ಬದಲು ಜಾಸ್ತಿ ಆಗಿತ್ತು. ನಮ್ಮ ಕೊಳಕುಮಂಡಲದ ವಿಷ ಬೇರೆ, ಮನುಷ್ಯರ ಕಾಲು ಬೇರೆ. ಆದರೂ ಕತ್ತಿ ಹಿಡಿಯುವ ಮೊದಲು ನಿಲ್ಲಿಸಿ ಯೋಚಿಸಲು ಇದು ಸಾಕು.

ಒತ್ತಡವನ್ನು ನೇರವಾಗಿ ಅಳೆಯುವುದು ಸೂಜಿ ಮಾತ್ರ. ಅದಕ್ಕೆಂದೇ ಮಾಡಿದ ಕೈಯಲ್ಲಿ ಹಿಡಿಯುವ ಸಾಧನ ಇದೆ, ದುಬಾರಿ, ಪ್ರತಿ ರೋಗಿಗೂ ಹೊಸ ಸೂಜಿಯ ಸೆಟ್ ಬೇಕು. ಐಸಿಯು ಇರುವ ಆಸ್ಪತ್ರೆಯಲ್ಲಿ ರಕ್ತನಾಳದ ಒತ್ತಡ ನೋಡುವ ಟ್ರಾನ್ಸ್‌ಡ್ಯೂಸರ್ ಸೆಟ್ಟಿಗೆ ಸೂಜಿ ಜೋಡಿಸಿಯೂ ಅಳೆಯಬಹುದು. ಸಾಮಾನ್ಯವಾಗಿ ಸ್ನಾಯುವಿನ ಒತ್ತಡ 10 ಮಿ.ಮೀ. ಪಾದರಸಕ್ಕಿಂತ ಕಡಿಮೆ. ಹಾವಿನ ಕಡಿತದಲ್ಲಿ ದೊಡ್ಡವರಿಗೆ 40 ದಾಟಿದರೆ ಮಾತ್ರ, ಅದೂ ರಕ್ತ ಹೆಪ್ಪುಗಟ್ಟುವಂತೆ ಸರಿಪಡಿಸಿದ ಮೇಲೆ, ಫ್ಯಾಶಿಯಾಟಮಿ ಯೋಚಿಸಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಈ ಸೂಜಿ ಎಲ್ಲರಿಗೂ ಹಾಕುವಂಥದ್ದಲ್ಲ. ರಕ್ತ ಹೆಪ್ಪುಗಟ್ಟದಿದ್ದಾಗ ಸೂಜಿಯ ತೂತಿನಿಂದಲೇ ಸ್ನಾಯುವಿನೊಳಗೆ ರಕ್ತ ತುಂಬಬಹುದು. ಸೂಜಿ ಸರಿಯಾದ ಕೋಣೆಗೆ ಹೋಗದಿದ್ದರೆ ಸಿಗುವ ಅಂಕಿಯೂ ತಪ್ಪು. ಗಂಟೆಗೊಮ್ಮೆ ಚುಚ್ಚುತ್ತಾ ಕೂರಲೂ ಆಗುವುದಿಲ್ಲ. ಅನುಮಾನ ಬಲವಾಗಿದ್ದವರಿಗೆ, ಆಪರೇಷನ್ ಮಾಡಬಲ್ಲ ಆಸ್ಪತ್ರೆಯಲ್ಲಿ, ಕೊನೆಯ ತೀರ್ಮಾನಕ್ಕೆ ಇದು. ಸರ್ಜನ್ ಇಲ್ಲದ ಆಸ್ಪತ್ರೆ ಈ ಸಾಧನಕ್ಕೆ ಹಣ ಹಾಕುವುದು ದಂಡ.

ಸ್ಕ್ಯಾನಿಂಗ್ ರೂಮಿಗೆ ಕಳಿಸುವುದು

ರೇಡಿಯಾಲಜಿ ಡಾಕ್ಟರು ಇದ್ದರೆ ಚಿತ್ರ ಚೆನ್ನಾಗಿ ಬರುತ್ತದೆ, ರಕ್ತದ ಹರಿವು ತೋರಿಸುವ ಡಾಪ್ಲರ್ ಚೆನ್ನಾಗಿ ಮಾಡುತ್ತಾರೆ, ವರದಿ ಕಾಗದದಲ್ಲಿ ಸಿಗುತ್ತದೆ. ಮೂರನೆಯ ದಿನ ಊತ ಇಳಿಯದೆ ಇದ್ದರೆ, ಕೀವು ಆಗಿದೆಯೋ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆಯೋ ಎಂದು ನೋಡಲು ಅವರೇ ಸರಿ. ಮೊದಲ ರಾತ್ರಿಗೆ ಇದು ಆಗದ ಕೆಲಸ. ಆ್ಯಂಟಿವೆನಮ್ ಹೋಗುತ್ತಿರುವಾಗ ಅಲರ್ಜಿ ಆಗಿ ಬಿ.ಪಿ. ಇಳಿಯಬಹುದು. ಅಂಥ ರೋಗಿಯನ್ನು ಟ್ರಾಲಿಯಲ್ಲಿ ಬೇರೆ ಮಹಡಿಗೆ ಒಯ್ಯುವುದು ಸರಿಯಲ್ಲ.

ಹಾಸಿಗೆ ಪಕ್ಕದ ಸ್ಕ್ಯಾನ್: ಏನು ಕಾಣುತ್ತದೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಟೇಪು ಹೇಳದ ಉತ್ತರ ಇಲ್ಲಿ ಸಿಗುತ್ತದೆ, ಸೂಜಿ ಚುಚ್ಚದೆ.

ಚರ್ಮದ ಹತ್ತಿರದ ಭಾಗ ನೋಡಲು ಲೀನಿಯರ್ ಪ್ರೋಬ್ ಬೇಕು, ಅಂದರೆ ಚಪ್ಪಟೆ ತುದಿಯ ಪ್ರೋಬ್. ಆಳ 3–4 ಸೆಂ.ಮೀ. ಇಟ್ಟು ಶುರು ಮಾಡಿ, ಮೀನಖಂಡಕ್ಕೆ ಜಾಸ್ತಿ ಆಳ ಬೇಕಾಗಬಹುದು. ಮೇಲಿನಿಂದ ಕೆಳಗೆ ಪದರಗಳು ಕಾಣುತ್ತವೆ: ಚರ್ಮ, ಕೊಬ್ಬಿನ ಪದರ, ಬೆಳ್ಳಗೆ ಹೊಳೆಯುವ ಗೆರೆಯಾಗಿ ಪೊರೆ, ಅದರ ಕೆಳಗೆ ನಾರು ನಾರಾಗಿ ಸ್ನಾಯು, ಕೊನೆಗೆ ಎಲುಬು. ನೀರು ತುಂಬಿದ ಕೊಬ್ಬಿನ ಪದರ ನಮ್ಮ ಮನೆಗಳ ಕಲ್ಲು ಹಾಸಿದ ಅಂಗಳದ ಹಾಗೆ ಕಾಣುತ್ತದೆ, ಬೆಳ್ಳಗಿನ ತುಂಡುಗಳು, ನಡುವೆ ಕಪ್ಪು ಗೆರೆಗಳು. ಪೊರೆಯ ಕೆಳಗೆ ನಾರು ಸ್ಪಷ್ಟವಾಗಿದ್ದು ಸ್ನಾಯುವಿನ ದಪ್ಪ ಇನ್ನೊಂದು ಕಾಲಿನಷ್ಟೇ ಇದ್ದರೆ ಊತ ಮೇಲಿನದು. ಸ್ನಾಯು ದಪ್ಪ ಆಗಿ, ನಾರು ಮಸುಕಾಗಿ, ಪೊರೆ ಹೊರಗೆ ಉಬ್ಬಿದ್ದರೆ, ಅಥವಾ ಸ್ನಾಯುಗಳ ನಡುವೆ ಕಪ್ಪಾಗಿ ನೀರು ನಿಂತಿದ್ದರೆ ಎಚ್ಚರ ಆಗಬೇಕು.

ದಕ್ಷಿಣ ಆಫ್ರಿಕಾದಲ್ಲಿ ಹಾವು ಕಚ್ಚಿ ಊದಿಕೊಂಡ 42 ರೋಗಿಗಳನ್ನು ಹೀಗೆ ಸ್ಕ್ಯಾನ್ ಮಾಡಿ ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಊತದ ದೊಡ್ಡ ಪಾಲು ಚರ್ಮದ ಕೆಳಗೇ ಇತ್ತು, ಸ್ನಾಯು ದಪ್ಪ ಆದದ್ದು ಬಹಳ ಕಡಿಮೆ. ಅಲ್ಲಿನ ಹಾವುಗಳು ಬೇರೆ. ಆದರೆ ಊದಿದ ಕಾಲನ್ನು ಕಂಡ ಕೂಡಲೇ ಸರ್ಜನ್‌ಗೆ ಫೋನ್ ಮಾಡುವ ಅಭ್ಯಾಸ ಇರುವ ನಮಗೆ ಈ ಮಾಹಿತಿ ಬಹಳ ಬೇಕಾದದ್ದು.

ಮಾಡುವ ಕ್ರಮದಲ್ಲಿ ಕೆಲವು ವಿಷಯ ತಪ್ಪಿದರೆ ಇಡೀ ಪರೀಕ್ಷೆ ಕೆಡುತ್ತದೆ. ಜೆಲ್ ಧಾರಾಳ ಹಾಕಿ, ಪ್ರೋಬನ್ನು ಚರ್ಮದ ಮೇಲೆ ತೇಲಿಸಿ ಇಡಿ. ಒತ್ತಿದರೆ ನೀರು ಪಕ್ಕಕ್ಕೆ ಸರಿದು ಊತ ಕಡಿಮೆ ಕಾಣುತ್ತದೆ. ಪ್ರೋಬ್ ನೆಟ್ಟಗೆ ಇರಲಿ, ಓರೆ ಹಿಡಿದರೆ ಪದರಗಳು ಸುಮ್ನೆ ದಪ್ಪ ಕಾಣುತ್ತವೆ. ಹಲ್ಲು ತಾಗಿದ ಜಾಗದ ಮೇಲೆ ನೇರವಾಗಿ ಇಡಬೇಡಿ, ಗುಳ್ಳೆಗಳ ಮೇಲೂ ಬೇಡ. ಪ್ರೋಬಿಗೆ ಸ್ಟೆರೈಲ್ ಕವರ್ ಹಾಕಿ. ಅಳೆದ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ, ಮುಂದಿನ ಸಲ ಅದೇ ಗುರುತಿನ ಮೇಲೆ ಅಳೆಯಿರಿ. ಮತ್ತೆ, ಕಚ್ಚದ ಕಾಲನ್ನು ಅಳೆಯದೆ ಯಾವ ಅಂಕಿಯನ್ನೂ ಬರೆಯಬೇಡಿ.

ಇದರ ಮಿತಿ ಏನು? ಸ್ಕ್ಯಾನ್ ಒತ್ತಡ ಅಳೆಯುವುದಿಲ್ಲ. ಸ್ನಾಯು ದಪ್ಪ ಕಂಡರೆ ಅದು ವಿಷದಿಂದ ಸ್ನಾಯು ಹಾಳಾದದ್ದೂ ಇರಬಹುದು, ಒತ್ತಡ ಇಲ್ಲದೆಯೂ ಇರಬಹುದು. ಸ್ನಾಯು ಸರಿ ಕಂಡಿತು ಎಂದ ಮಾತ್ರಕ್ಕೆ ಬೆರಳನ್ನು ಮೆಲ್ಲ ಎಳೆದರೂ ಜೀವ ಹೋಗುವಷ್ಟು ನೋವು ಎನ್ನುವ ರೋಗಿಯನ್ನು ಮರೆಯಬಾರದು. ಡಾಪ್ಲರಿನಲ್ಲಿ ರಕ್ತ ಹರಿಯುವುದು ಕಂಡರೂ ಸಮಾಧಾನ ಬೇಡ. ದೊಡ್ಡ ನಾಳದ ಹರಿವು ನಿಲ್ಲುವ ಬಹಳ ಮೊದಲೇ ಸ್ನಾಯುವಿನ ಒಳಗಿನ ಸಣ್ಣ ನಾಳಗಳು ಮುಚ್ಚಿರುತ್ತವೆ. ಹಾಗೆಂದು ಊದಿದ ಕಾಲಿನಲ್ಲಿ ಕೈಗೆ ನಾಡಿ ಸಿಗದೆ ಇದ್ದಾಗ, ರಕ್ತ ಹರಿಯುತ್ತಿದೆ ಎಂದು ಕಣ್ಣಿಗೆ ಕಾಣುವುದು ದೊಡ್ಡ ಸಹಾಯ. ಎಷ್ಟೋ ಸಲ ನಾಡಿ ಸಿಗದಿರುವುದಕ್ಕೆ ಕಾರಣ ನಡುವೆ ಇರುವ ನೀರು ಅಷ್ಟೇ.

ಕಾಲು ಬಿಟ್ಟು ಬೇರೆ ಕಡೆ

ಪ್ರೋಬಿನ ಬೆಲೆ ಬರೀ ಕಾಲಿನ ಊತದಿಂದ ಹುಟ್ಟುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಮಲಯಾಳದಲ್ಲಿ ಅಣಲಿ ಎನ್ನುವ ಕೊಳಕುಮಂಡಲ ಕಚ್ಚಿದ ಕೆಲವರಲ್ಲಿ ಸಣ್ಣ ರಕ್ತನಾಳಗಳು ಸೋರತೊಡಗುತ್ತವೆ. ಕೆನ್ನೆಯ ಹತ್ತಿರ ಊತ, ಕಣ್ಣಿನ ಬಿಳಿ ಭಾಗ ಊದುವುದು, ಬಿ.ಪಿ. ಇಳಿಯುವುದು, ಎದೆಯಲ್ಲೂ ಹೊಟ್ಟೆಯಲ್ಲೂ ನೀರು. ಕೇರಳದಲ್ಲಿ ಇದನ್ನು ಡಾಕ್ಟರುಗಳು ಚೆನ್ನಾಗಿ ಬಲ್ಲರು. ಇಂಥವರಿಗೆ ಡ್ರಿಪ್ ಎಷ್ಟು ಕೊಡಬೇಕು ಎನ್ನುವುದು ಕಷ್ಟದ ಲೆಕ್ಕ. ಕಡಿಮೆ ಕೊಟ್ಟರೆ ಬಿ.ಪಿ. ನಿಲ್ಲುವುದಿಲ್ಲ, ಜಾಸ್ತಿ ಕೊಟ್ಟರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಎದೆಗೂಡಿನ ನೀರು, ಹೃದಯ ಒತ್ತುವ ಬಗೆ, ಹೊಟ್ಟೆಯ ದೊಡ್ಡ ರಕ್ತನಾಳ ತುಂಬಿದೆಯೋ ಕುಸಿದಿದೆಯೋ ಎನ್ನುವುದು ಕೆಲವು ನಿಮಿಷದಲ್ಲಿ ಹಾಸಿಗೆಯ ಪಕ್ಕದಲ್ಲೇ ಕಾಣುತ್ತದೆ. ರಕ್ತ ಹೆಪ್ಪುಗಟ್ಟದ ರೋಗಿ ಹೊಟ್ಟೆನೋವು ಎಂದರೆ ಒಳಗೆ ರಕ್ತ ಸೋರಿದೆಯೋ ಎಂದೂ ನೋಡಬಹುದು. ಇದಕ್ಕೆಲ್ಲ ಚಪ್ಪಟೆ ಪ್ರೋಬ್ ಸಾಲದು, ಬಾಗಿದ ತುದಿಯದ್ದು ಬೇಕು. ಕೊಳ್ಳುವಾಗ ಇದನ್ನು ಮರೆಯಬೇಡಿ.

ಕಟ್ಟುಹಾವಿನ ಕಥೆ ಬೇರೆಯೇ. ರಾತ್ರಿ ನೆಲದಲ್ಲಿ ಮಲಗಿದವರಿಗೆ ಕಚ್ಚುತ್ತದೆ, ನೋವಿಲ್ಲ, ಊತವೂ ಇಲ್ಲ ಎನ್ನುವಷ್ಟು ಕಡಿಮೆ. ಅಲ್ಲಿ ಕಾಲನ್ನು ಸ್ಕ್ಯಾನ್ ಮಾಡಿ ಸಮಯ ಕಳೆಯಬೇಡಿ. ರೆಪ್ಪೆ ಬೀಳುತ್ತಿದೆಯೋ, ದಿಂಬಿನಿಂದ ತಲೆ ಎತ್ತಲು ಆಗುತ್ತದೋ, ಒಂದೇ ಉಸಿರಿಗೆ ಎಷ್ಟು ಎಣಿಸುತ್ತಾರೆ, ಇವು ಸಾಕು. ಉಸಿರಾಟದ ಸ್ನಾಯುವಾದ ವಪೆಯ ಚಲನೆಯನ್ನು ಪ್ರೋಬಿನಿಂದ ನೋಡಬಹುದು, ಅಭ್ಯಾಸ ಇರುವವರಿಗೆ ಉಪಯೋಗವೂ ಇದೆ. ಆದರೆ ಅದಕ್ಕಿಂತ ಮೊದಲು ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), ಗಂಟಲಿಗೆ ಹಾಕುವ ಟ್ಯೂಬ್, ವೆಂಟಿಲೇಟರ್ ಸಿದ್ಧ ಇರಲಿ.

ನಮ್ಮ ತೋಟಗಳಲ್ಲಿ ಗೂನುಮೂಗಿನ ಗುಳಿಮಂಡಲವೂ ಇದೆ. ಭಾರತದಲ್ಲಿ ಸಿಗುವ ಆ್ಯಂಟಿವೆನಮ್ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಗುಳಿಮಂಡಲದ ವಿಷಕ್ಕೆ ಅದು ಕೆಲಸ ಮಾಡುವುದಿಲ್ಲ. ಕಾಲಿನ ಊತವನ್ನೂ ಮೂತ್ರಪಿಂಡವನ್ನೂ ಕಾದು ನೋಡಿಕೊಳ್ಳುವುದೇ ಚಿಕಿತ್ಸೆ. ಇಲ್ಲಿ ಊತವನ್ನು ದಿನದಿನವೂ ಸ್ಕ್ಯಾನ್ ಮಾಡಿ ಹೋಲಿಸುವುದು ಬಹಳ ಧೈರ್ಯ ಕೊಡುತ್ತದೆ. ಮೂತ್ರಪಿಂಡಕ್ಕೆ ಮಾತ್ರ ಸ್ಕ್ಯಾನ್ ನಂಬಬೇಡಿ. ಮೂತ್ರ ಎಷ್ಟು ಹೋಗುತ್ತಿದೆ, ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಷ್ಟು ಎನ್ನುವುದೇ ಮೊದಲು ಹೇಳುತ್ತದೆ.

ಯಾವ ಮೆಷಿನ್?

ಕೈಯಲ್ಲಿ ಹಿಡಿಯುವ ಪ್ರೋಬ್‌ಗಳು ಫೋನಿಗೋ ಟ್ಯಾಬಿಗೋ ಜೋಡಿಸಿಕೊಳ್ಳುತ್ತವೆ, ಕೆಲವು ವೈರ್ ಇಲ್ಲದೆಯೂ. ಕೆಲವದರಲ್ಲಿ ಒಂದು ತುದಿ ಚಪ್ಪಟೆ, ಇನ್ನೊಂದು ಬಾಗಿದ್ದು. ಕೆಲವದರಲ್ಲಿ ಒಂದೇ ತುದಿಯಿಂದ ಎಲ್ಲ ಬಗೆಯ ಚಿತ್ರ. ಇನ್ನು ಕೆಲವದರಲ್ಲಿ ಪ್ರತಿ ಕೆಲಸಕ್ಕೂ ಬೇರೆ ಪ್ರೋಬ್ ಕೊಳ್ಳಬೇಕು, ಆಗ ಮೊದಲು ಹೇಳಿದ ಬೆಲೆ ದುಪ್ಪಟ್ಟಾಗುತ್ತದೆ. ಕೆಲವು ಕಂಪನಿಗಳು ವರ್ಷ ವರ್ಷ ಚಂದಾ ಕೇಳುತ್ತವೆ. ಆಸ್ಪತ್ರೆಯ ಲೆಕ್ಕದಲ್ಲಿ ಅದಕ್ಕೆ ಜಾಗ ಇದೆಯೇ? ಬಹಳ ಹೊತ್ತು ಬಳಸಿದರೆ ಪ್ರೋಬ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಕೆಳಗೆ ಬಿದ್ದರೆ ಹೆಚ್ಚಾಗಿ ರಿಪೇರಿ ಇಲ್ಲ. ಡಾಪ್ಲರ್ ಇರುತ್ತದೆ, ಆದರೆ ಸೂಕ್ಷ್ಮ ಅಳತೆಗೆ ಎಲ್ಲವೂ ಆಗುವುದಿಲ್ಲ.

ಲ್ಯಾಪ್‌ಟಾಪ್ ಬಗೆಯ ಪೋರ್ಟಬಲ್ ಮೆಷಿನ್ ಅದಕ್ಕಿಂತ ದುಬಾರಿ. ಚಿತ್ರ ಚೆನ್ನಾಗಿರುತ್ತದೆ, ಎರಡು ಮೂರು ಪ್ರೋಬ್ ಜೋಡಿಸಬಹುದು. ಕ್ಯಾಶುವಾಲಿಟಿಯಲ್ಲಿ ಅಪಘಾತ, ಹೊಟ್ಟೆನೋವು, ಉಸಿರಾಟದ ತೊಂದರೆ, ಹಾವಿನ ಕಡಿತ ಎಲ್ಲಕ್ಕೂ ದಿನಾಲೂ ಬಳಸುವವರಿಗೆ ಇದೇ ಕೊನೆಗೆ ಅಗ್ಗ ಬೀಳುತ್ತದೆ. ಜೋರು ಮಳೆಯ ದಿನಗಳಲ್ಲಿ ಕರೆಂಟು ಹೋಗುವ ನಮ್ಮ ಊರುಗಳಿಗೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎನ್ನುವುದು ಮುಖ್ಯ. ಇನ್ನೊಂದು ದಾರಿಯೂ ಇದೆ. ಹೆರಿಗೆ ವಾರ್ಡಿನ ಅಥವಾ ಸ್ಕ್ಯಾನಿಂಗ್ ರೂಮಿನ ಹಳೆಯ ಚಕ್ರದ ಮೆಷಿನನ್ನು ರಾತ್ರಿ ಹೊತ್ತು ಕ್ಯಾಶುವಾಲಿಟಿಗೆ ಬಿಟ್ಟುಕೊಡುವುದು. ಹೊಸ ಖರ್ಚು ಬಹುಶಃ ಒಂದು ಲೀನಿಯರ್ ಪ್ರೋಬಿನದ್ದು ಮಾತ್ರ. ಈ ದಾರಿಯನ್ನು ಜಾಸ್ತಿ ಜನ ಯೋಚಿಸುವುದೇ ಇಲ್ಲ, ನನಗೆ ಅದು ಬಹಳ ಒಳ್ಳೆಯದು ಅನಿಸುತ್ತದೆ.

ಇನ್ನು ಕಾನೂನು. ಭ್ರೂಣದ ಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಪ್ರತಿ ಅಲ್ಟ್ರಾಸೌಂಡ್ ಮೆಷಿನಿಗೂ ಅನ್ವಯ, ಹಾವು ಕಚ್ಚಿದ ಕಾಲಿಗೆ ಮಾತ್ರ ಬಳಸುತ್ತೇವೆ ಎಂದರೂ ಕೂಡ. ಕಿಸೆಯಲ್ಲಿ ಹಿಡಿಯುವ ಪ್ರೋಬ್ ಕೂಡ ಅದರಲ್ಲೇ ಬರುತ್ತದೆ. ಆಸ್ಪತ್ರೆ ನೋಂದಣಿ ಮಾಡಿಸಿರಬೇಕು, ಆ ಮೆಷಿನ್ ಅದರಲ್ಲಿ ಸೇರಿರಬೇಕು, ನೋಂದಣಿ ಇಲ್ಲದವರಿಗೆ ಮಾರುವುದೂ ತಪ್ಪು. ಪೋರ್ಟಬಲ್ ಮೆಷಿನನ್ನು ನೋಂದಣಿಯಾದ ಜಾಗದ ಒಳಗೆ ದಾಖಲಾದ ರೋಗಿಗಳಿಗೆ, ಅಥವಾ ನೋಂದಣಿಯಾದ ಸಂಚಾರಿ ಚಿಕಿತ್ಸಾ ಘಟಕದಲ್ಲಿ ಮಾತ್ರ ಬಳಸಬಹುದು ಎಂದು ನಿಯಮ ಹೇಳುತ್ತದೆ. ಹಗಲು ಮಂಗಳೂರಿನಲ್ಲಿ, ರಾತ್ರಿ ಗಡಿಯ ಈಚೆ ಡ್ಯೂಟಿ ಮಾಡುವ ಡಾಕ್ಟರುಗಳು ನಮ್ಮಲ್ಲಿ ಇದ್ದಾರೆ. ಸ್ವಂತ ಪ್ರೋಬನ್ನು ಬ್ಯಾಗಿನಲ್ಲಿ ಹಾಕಿಕೊಂಡು ಎರಡು ಕಡೆ ಓಡಾಡುವ ಯೋಚನೆ ಇದ್ದರೆ ಬಿಡಿ. ಯಾರು ಸ್ಕ್ಯಾನ್ ಮಾಡಬಹುದು ಎನ್ನುವುದಕ್ಕೂ ನಿಯಮ ಇದೆ. ಕೊಳ್ಳುವ ಮೊದಲು ಜಿಲ್ಲೆಯ ಅಧಿಕಾರಿಗಳ ಹತ್ತಿರ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ಮನೆಯವರಿಗೆ ಒಂದು ಮಾತು

ಡಾಕ್ಟರಲ್ಲದವರೂ ಇದನ್ನು ಓದುತ್ತಿರಬಹುದು. ಸ್ಕ್ಯಾನಿಂಗ್ ಇದೆ ಎಂದು ದೂರದ ಆಸ್ಪತ್ರೆ ಹುಡುಕಿ ಹೋಗಬೇಡಿ. ಆ್ಯಂಟಿವೆನಮ್ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. 108ಕ್ಕೆ ಫೋನ್ ಮಾಡಿ, ದಾರಿಯಲ್ಲೇ ಆಸ್ಪತ್ರೆಗೂ ಫೋನ್ ಮಾಡಿ ಔಷಧ ಇದೆಯೇ ಕೇಳಿ. ಕಾಲನ್ನು ಅಲುಗಾಡಿಸದೆ ಇಡಿ, ಉಂಗುರ, ಕಾಲ್ಗೆಜ್ಜೆ, ಬಳೆ ತೆಗೆಯಿರಿ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ. ಹಾವನ್ನು ಹಿಡಿಯಲು ಹೋಗಬೇಡಿ. ದೂರದಿಂದ ಫೋಟೊ ಸಿಕ್ಕಿದರೆ ಸಾಕು.

ಯಾರಿಗೆ ಯಾವುದು

ಕ್ಲಿನಿಕ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ ಟೇಪು, ಪೆನ್ನು, ಗಾಜಿನ ಟ್ಯೂಬು, ಔಷಧದ ದಾಸ್ತಾನು, ಆಂಬು ಬ್ಯಾಗ್. ಪ್ರೋಬಿಗೆ ಹಣ ಹಾಕಬೇಡಿ. ಮುಂದೆ ಕಳಿಸುವಾಗ ಊತದ ಗೆರೆಗಳು, ಗಂಟೆಗಳು, ಟ್ಯೂಬಿನ ಫಲಿತಾಂಶ, ಕೊಟ್ಟ ವಯಲ್ ಎಲ್ಲವೂ ಚೀಟಿಯಲ್ಲಿ ಇರಲಿ.

ದಿನವಿಡೀ ಡ್ಯೂಟಿ ಡಾಕ್ಟರು ಇರುವ, ಆದರೆ ಸರ್ಜನ್, ಡಯಾಲಿಸಿಸ್ ಇಲ್ಲದ ಆಸ್ಪತ್ರೆಗೆ ಹಾಸಿಗೆ ಪಕ್ಕದ ಸ್ಕ್ಯಾನ್ ಜಾಸ್ತಿ ಉಪಯೋಗ ಆಗುತ್ತದೆ. ಯಾರನ್ನು ಇಲ್ಲೇ ಇಟ್ಟುಕೊಳ್ಳಬಹುದು, ಯಾರನ್ನು ಮಂಗಳೂರಿಗೋ ಕಣ್ಣೂರು ಜಿಲ್ಲೆಯ ಪರಿಯಾರದ ಮೆಡಿಕಲ್ ಕಾಲೇಜಿಗೋ ಕಳಿಸಬೇಕು ಎನ್ನುವ ತೀರ್ಮಾನ ಇವರ ಮೇಲೆ ಬೀಳುತ್ತದೆ. 2020ರ ಲಾಕ್‌ಡೌನಿನಲ್ಲಿ ಕೇರಳ–ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಆಂಬುಲೆನ್ಸುಗಳು ಗಡಿ ದಾಟಲಾಗದೆ ಉಳಿದದ್ದು ನಮಗೆಲ್ಲ ಗೊತ್ತಿದೆ. ಕಳಿಸುವುದೊಂದೇ ದಾರಿ ಎಂದು ಇರಲು ಆಗುವುದಿಲ್ಲ. ಇವರಿಗೆ ಮೊದಲ ಆಯ್ಕೆ ಇರುವ ಮೆಷಿನನ್ನು ಹಂಚಿಕೊಳ್ಳುವುದು. ಅದು ಆಗದಿದ್ದರೆ ಎರಡು ತುದಿಯ ಕೈ ಪ್ರೋಬ್. ಸೂಜಿಯ ಸಾಧನ ಇವರಿಗೆ ಬೇಡ.

ಸರ್ಜನ್, ಐಸಿಯು, ಡಯಾಲಿಸಿಸ್ ಇರುವ ದೊಡ್ಡ ಆಸ್ಪತ್ರೆಗೆ ಲ್ಯಾಪ್‌ಟಾಪ್ ಬಗೆಯದ್ದು, ಜೊತೆಗೆ ಸೂಜಿಯ ಒತ್ತಡ ಅಳೆಯುವ ವ್ಯವಸ್ಥೆ, ಎರಡೂ ಬೇಕು. ಸ್ಕ್ಯಾನಿನಲ್ಲಿ ಸ್ನಾಯು ಕೆಟ್ಟದಾಗಿ ಕಂಡವರಿಗೆ, ಅಥವಾ ಬೆರಳು ಎಳೆದರೆ ತಡೆಯಲಾರದ ನೋವು ಎನ್ನುವವರಿಗೆ ಮಾತ್ರ, ರಕ್ತ ಹೆಪ್ಪುಗಟ್ಟಿದ ಮೇಲೆ, ಸೂಜಿ. ಸೂಜಿಯ ಅಂಕಿ ನೋಡಿ ಮಾತ್ರ ಕತ್ತಿ. ಈ ಕ್ರಮವನ್ನು ಬರೆದು ಕ್ಯಾಶುವಾಲಿಟಿಯ ಗೋಡೆಗೆ ಅಂಟಿಸಿದರೆ ರಾತ್ರಿ ಡ್ಯೂಟಿಯ ಕಿರಿಯ ಡಾಕ್ಟರಿಗೆ ಜಗಳ ಮಾಡದೆ ಕೆಲಸ ಆಗುತ್ತದೆ.

ಡೆಮೊ ತೋರಿಸಲು ಕಂಪನಿಯವರು ಬಂದಾಗ ಅವರು ತಂದ ಚಿತ್ರ ನೋಡಿ ಒಪ್ಪಬೇಡಿ. ವಾರ್ಡಿನಲ್ಲಿ ಕಾಲು ಊದಿದ ರೋಗಿ ಒಬ್ಬರಾದರೂ ಇರುತ್ತಾರೆ, ಅವರ ಒಪ್ಪಿಗೆ ಕೇಳಿ. ಎರಡೂ ಕಾಲುಗಳನ್ನು ಕಂಪನಿಯವರ ಬದಲು ನಿಮ್ಮ ಡ್ಯೂಟಿ ಡಾಕ್ಟರ ಕೈಯಲ್ಲೇ ಅಳೆಸಿ. ಪೊರೆಯ ಗೆರೆ ಅವರಿಗೆ ತಾನಾಗಿ ಕಂಡರೆ, ಎರಡನೆಯ ಸಲ ಅಳೆದಾಗ ಹೆಚ್ಚುಕಡಿಮೆ ಅದೇ ಅಂಕಿ ಬಂದರೆ, ಆಮೇಲೆ ಬೆಲೆಯ ಮಾತು ಆಡಿ.